ಕಳೆದುಹೋದ ಬಣ್ಣ

ಬೆಳ್ಳಗಿರುವ ಮೈ ಏಳು ಕುಂದುಗಳನ್ನು ಮರೆಸುತ್ತದೆ ಎಂಬುದು ಜಪಾನಿನ ಹಳೆಯ ಗಾದೆ. ಬೇಸಿಗೆಯಲ್ಲಿ ಅಲ್ಲಿಯ ಸ್ತ್ರೀಯರು ಕೊಡೆ ಹಿಡಿದು, ತೋಳುದ್ದದ ಕೈಗವಸು ತೊಟ್ಟು, ಬಿಸಿಲಿಗೆ ಮರೆಯಾಗಿ ನಡೆಯುವುದುಂಟು. ಹೆಣ್ಣು ನೋಡಲು ಹೋಗಿ, 'ಬಣ್ಣ ಸ್ವಲ್ಪ ಕಡಿಮೆ' ಎಂದು ಎದ್ದು ಬರುವ ಕನ್ನಡ ನಾಡಿನವರು ಆ ಗಾದೆಯನ್ನು ಕೇಳಿ ನಗುವ ಹಾಗಿಲ್ಲ.

ಅದೇ ಜಪಾನಿನ ಬೆಟ್ಟಗಳಲ್ಲಿ 'ಮೆಗುಸುರಿನೊಕಿ' ಎಂಬ ಮರವೊಂದು ಬೆಳೆಯುತ್ತದೆ. 'ಕಣ್ಣಿನ ಮದ್ದಿನ ಮರ' ಎಂದು ಆ ಹೆಸರಿನ ಅರ್ಥ. ಅದರ ತೊಗಟೆಯ ಕಷಾಯವನ್ನು ಹಿಂದಿನವರು ಕಣ್ಣಿನ ಬೇನೆಗೆ ಬಳಸುತ್ತಿದ್ದರು. ಅದರಲ್ಲಿರುವ ರೋಡೊಡೆಂಡ್ರಾಲ್ ಎಂಬ ದ್ರವ್ಯಕ್ಕೆ ಮೈಬಣ್ಣವನ್ನು ತಗ್ಗಿಸುವ ಗುಣವುಂಟೆಂದು ಕಂಡುಕೊಂಡ ಕನೆಬೊ ಕಂಪನಿಯು, ಸರ್ಕಾರದ ಒಪ್ಪಿಗೆ ಪಡೆದು, 2008ರಲ್ಲಿ ಅದನ್ನು ಬೆರೆಸಿದ ಲೇಪಗಳನ್ನು ಮಾರಾಟಕ್ಕೆ ತಂದಿತು. ಮರದಲ್ಲಿ ಇದ್ದದ್ದು, ಹಿರಿಯರು ಬಳಸಿದ್ದು. ಅಪಾಯ ಎಲ್ಲಿಂದ ಬಂದೀತು?

ಬಂದ ಬಗೆ ವಿಚಿತ್ರವಾದುದು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ದ್ರವ್ಯವನ್ನು ತಯಾರಿಸುವ ಕೋಶಗಳು ಬೇರೆಯೇ ಇವೆ. ಅವುಗಳೊಳಗೆ ಟೈರೊಸಿನೇಸ್ ಎಂಬ ಕಿಣ್ವವು ಟೈರೊಸಿನ್ ಎಂಬ ವಸ್ತುವನ್ನು ಹಿಡಿದು ಬಣ್ಣ ಕಟ್ಟುವ ಕೆಲಸಕ್ಕೆ ತೊಡಗುತ್ತದೆ. ರೂಪದಲ್ಲಿ ಟೈರೊಸಿನ್ನನ್ನು ಹೋಲುವ ರೋಡೊಡೆಂಡ್ರಾಲ್ ಅದರ ಸ್ಥಾನದಲ್ಲಿ ಹೋಗಿ ಕುಳಿತರೆ ಕಿಣ್ವದ ಕೈ ಕಟ್ಟಿದಂತಾಗಿ ಬಣ್ಣ ಇಳಿಯುತ್ತದೆ ಎಂಬುದು ಲೆಕ್ಕಾಚಾರ. ಆದರೆ ಕಿಣ್ವ ಸುಮ್ಮನಿರಲಿಲ್ಲ. ಬಂದ ಅತಿಥಿಯನ್ನೇ ಹಿಡಿದು, ಆಮ್ಲಜನಕದೊಡನೆ ಬೆರೆಸಿ, ವಿಷವಾಗಿ ಮಾರ್ಪಡಿಸಿತು. ಆ ವಿಷಕ್ಕೆ ಕೆಲವರಲ್ಲಿ ಬಣ್ಣದ ಕೋಶಗಳೇ ಸತ್ತವು. ಹದವಾಗಿ ತಿಳಿಯಾಗಬೇಕಾಗಿದ್ದ ಮುಖ, ಕತ್ತು, ಕೈಗಳ ಮೇಲೆ ಸುಣ್ಣ ಬಳಿದಂಥ ಮಚ್ಚೆಗಳು ಮೂಡಿದವು.

ಮೊದಮೊದಲು ಬಂದ ದೂರನ್ನು ತೊನ್ನೆಂದು ಬಗೆದು ಬದಿಗಿರಿಸಿದ್ದಾಯಿತು. 2013ರ ಮೇ ತಿಂಗಳಲ್ಲಿ ವೈದ್ಯರೊಬ್ಬರು ಮೂವರು ರೋಗಿಗಳ ವಿಷಯವನ್ನು ತಿಳಿಸಿದ ಮೇಲೆ, ಜುಲೈ 4ರಂದು ಕಂಪನಿಯು ಲೇಪಗಳನ್ನು ಹಿಂದಕ್ಕೆ ಪಡೆಯುವುದಾಗಿ ಸಾರಿತು. ಕೊನೆಗೆ ಲೆಕ್ಕಕ್ಕೆ ಸಿಕ್ಕವರ ಸಂಖ್ಯೆ 19 ಸಾವಿರವನ್ನು ಮೀರಿತು. ಬಳಸಿದವರಲ್ಲಿ ನೂರಕ್ಕೆ ಸುಮಾರು ಇಬ್ಬರು ಎಂದರೆ ಅಲ್ಪವೆನಿಸೀತು. ಕನ್ನಡಿಯ ಮುಂದೆ ನಿಂತವಳಿಗೆ ಅದು ನೂರಕ್ಕೆ ನೂರು.

ಲೇಪವನ್ನು ನಿಲ್ಲಿಸಿದ ಬಳಿಕ ಬಹುಮಂದಿಗೆ ಬಣ್ಣ ಮೆಲ್ಲಮೆಲ್ಲಗೆ ಮರಳಿತು. ಕೆಲವರಿಗೆ ಪೂರ್ತಿಯಾಗಿ ಮರಳಲಿಲ್ಲ. ಅಂಥವರಿಗೆ ವೈದ್ಯರು ಮಾಡಿದ ಚಿಕಿತ್ಸೆಗಳಲ್ಲಿ ನೇರಳಾತೀತ ಕಿರಣವೂ ಒಂದು. ಬಿಸಿಲಿಗೆ ಅಂಜಿ ಕೊಡೆ ಹಿಡಿದವರು ಈಗ ಬಿಸಿಲಿನಲ್ಲಿರುವ ಕಿರಣಕ್ಕೇ ಮುಖವೊಡ್ಡಿ, ಬಿಳಿಯ ಮಚ್ಚೆಯ ನಡುವೆ ಕಂದುಬಣ್ಣದ ಚುಕ್ಕೆಯೊಂದು ಎಂದಿಗೆ ಮೂಡೀತೆಂದು ಕಾಯತೊಡಗಿದರು.