ಕೆಡುವ ಮುಂಚೆ

ತೀರ್ಥಹಳ್ಳಿ ಸೀಮೆಯಲ್ಲಿ ಮೇ ತಿಂಗಳ ಮೊದಲ ಗುಡುಗು ಕೇಳಿದ ಕೂಡಲೇ ಒಬ್ಬೊಬ್ಬರಿಗೆ ಒಂದೊಂದು ಕೆಲಸ ನೆನಪಾಗುತ್ತದೆ. ಒಬ್ಬರು ಸೌದೆ ಒಳಗಿಡುತ್ತಾರೆ, ಇನ್ನೊಬ್ಬರು ಹೆಂಚು ಕೈಯಾಡಿಸುತ್ತಾರೆ. ನಾನು ಕಡ್ಡಿಪೊರಕೆಯಿಂದ ಗಟ್ಟಿಯಾದ ಒಂದು ಕಡ್ಡಿ ಕಿತ್ತುಕೊಂಡು ನನ್ನ ಮಾರುತಿ 800ರ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತೇನೆ. ಕಾರಿನ ಬಾಗಿಲುಗಳ ಕೆಳಅಂಚಿನಲ್ಲಿ ಬೆಂಕಿಕಡ್ಡಿ ತೂರುವಷ್ಟು ಸಣ್ಣ ಸಂದುಗಳಿರುತ್ತವೆ. ಗಾಜಿನ ಬದಿಯ ರಬ್ಬರಿನಿಂದ ಬಾಗಿಲ ಹೊಟ್ಟೆಗಿಳಿದ ಮಳೆನೀರು ಅಲ್ಲಿಂದಲೇ ಹೊರಗೆ ಹೋಗಬೇಕು. ಧೂಳು, ಎಲೆಯ ಚೂರು ಸೇರಿ ಅವು ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ತುಕ್ಕು ಹಿಡಿಯುವುದು ಒಳಗಿನಿಂದ, ಬಣ್ಣ ಉಬ್ಬಿ ನಮಗೆ ಕಾಣುವ ಹೊತ್ತಿಗೆ ತಗಡು ಅರ್ಧ ಹೋಗಿರುತ್ತದೆ. ಕಡ್ಡಿ ಹಾಕಿ ತಿರುವಿದಾಗ ಕಪ್ಪು ಮಣ್ಣು ಉದುರಿ, ಒಂದು ಚೊಂಬು ನೀರು ಹೊಯ್ದರೆ ಸಲೀಸಾಗಿ ಇಳಿದುಹೋಗುತ್ತದೆ. ಮಳೆಗಾಲದ ಮುಂಚೆ ಇದಕ್ಕಿಂತ ಸಮಾಧಾನ ಕೊಡುವ ಕೆಲಸ ನನಗೆ ಬೇರೆ ಗೊತ್ತಿಲ್ಲ.

ಮೊದಲ ಮಾರುತಿ 800ರ ಕೀಲಿಯನ್ನು ಇಂದಿರಾ ಗಾಂಧಿಯವರು ಕೊಟ್ಟದ್ದು 1983ರ ಡಿಸೆಂಬರ್ 14ರಂದು. ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅಂದರೆ ಈ ಜಾತಿಯ ತೀರಾ ಕಿರಿಯ ಗಾಡಿಗೂ ಈಗ ಹತ್ತು ವರ್ಷ ದಾಟಿದೆ. ನನ್ನದು ಕಾರ್ಬ್ಯುರೇಟರ್ ಕಾಲದ್ದು. 796 ಸಿ.ಸಿ., ಮೂರು ಸಿಲಿಂಡರ್, ಎಳೆದರೆ ಬರುವ ಚೋಕ್ ಗುಂಡಿ. ಬಾನೆಟ್ ಎತ್ತಿದರೆ ಇಂಜಿನ್ನಿನ ಪಕ್ಕದಲ್ಲಿ ನೆಲ ಕಾಣುತ್ತದೆ, ಬೇಕಾದ ಬೋಲ್ಟಿಗೆ ಸ್ಪ್ಯಾನರ್ ಹಾಕಲು ಜಾಗವಿದೆ. ಹಳೆಯ ಕಾರು ಎಂದರೆ ದಾರಿಯಲ್ಲಿ ಕೈಕೊಡುವ ಕಾರು ಎಂದು ಜನ ಸಲೀಸಾಗಿ ಹೇಳಿಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಕಾರು ಕೈಕೊಡುವುದು ವಯಸ್ಸಾಯಿತೆಂದಲ್ಲ, ಯಾರೂ ಅದರ ಕಡೆ ಕಿವಿಗೊಡದೆ ವರ್ಷಗಟ್ಟಲೆ ಓಡಿಸಿದ್ದಕ್ಕೆ.

ಕಿವಿಗೊಟ್ಟರೆ ಅದು ಎಷ್ಟೊಂದು ಹೇಳುತ್ತದೆ! ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮುಂಚಕ್ರದ ಕಡೆಯಿಂದ ಟಕಟಕ ಬಂತೆಂದರೆ ಆಕ್ಸಲ್ ಜಾಯಿಂಟಿನ ರಬ್ಬರ್ ಬೂಟು ಹರಿದು, ಗ್ರೀಸ್ ಹೊರಹೋಗಿ, ಕೆಸರು ಒಳಸೇರಿದೆ ಎಂದರ್ಥ. ಆ ಸದ್ದು ಬರುವ ಮುಂಚೆಯೇ ಬೂಟಿನ ಮಡಿಕೆಗಳನ್ನು ಬಿಡಿಸಿ ನೋಡಿದರೆ ಸಣ್ಣ ಸೀಳು ಸಿಗುತ್ತದೆ. ಆಗ ಹೋಗುವುದು ಬರೀ ಬೂಟಿನ ದುಡ್ಡು, ಸದ್ದು ಬಂದ ಮೇಲಾದರೆ ಜಾಯಿಂಟಿನದ್ದು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕಿರ್ ಎನ್ನುವ ಫ್ಯಾನ್ ಬೆಲ್ಟು ತನ್ನನ್ನು ಬಿಗಿಮಾಡು ಎನ್ನುತ್ತಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಮಾತು ಸ್ಪಾರ್ಕ್ ಪ್ಲಗ್ಗಿನದು. ಇಂಜಿನ್ ತಣ್ಣಗಾದ ಮೇಲೆ ಮೂರನ್ನೂ ಬಿಚ್ಚಿ, ಯಾವುದು ಯಾವ ಸಿಲಿಂಡರಿನದ್ದೆಂದು ತಪ್ಪದಂತೆ ಹಳೆಯ ಪೇಪರಿನ ಮೇಲೆ ಸಾಲಾಗಿ ಇಡುತ್ತೇನೆ. ತುದಿಯಲ್ಲಿ ತಿಳಿ ಕಂದು ಬಣ್ಣವಿದ್ದರೆ ಒಳಗೆ ಉರಿ ಹದವಾಗಿದೆ. ಒಣ ಮಸಿ ಮೆತ್ತಿದ್ದರೆ ಪೆಟ್ರೋಲು ಹೆಚ್ಚಾಗಿದೆ ಅಥವಾ ಏರ್ ಫಿಲ್ಟರ್ ಕಟ್ಟಿ ಗಾಳಿ ಸಾಲುತ್ತಿಲ್ಲ. ಒದ್ದೆ ಎಣ್ಣೆಯಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆಯುತ್ತಿದೆ. ಬಿಳಿಚಿಕೊಂಡಿದ್ದರೆ ಇಂಜಿನ್ ಬೇಕಾದ್ದಕ್ಕಿಂತ ಬಿಸಿಯಾಗುತ್ತಿದೆ. ಮೂರರಲ್ಲಿ ಒಂದರ ಬಣ್ಣ ಮಾತ್ರ ಬೇರೆಯಿದ್ದರೆ ಹುಡುಕಾಟ ಆ ಒಂದೇ ಸಿಲಿಂಡರಿಗೆ ಸೀಮಿತ. ಇಂಜಿನ್ ಬಿಚ್ಚದೆ ಅದರ ಒಳಗಿನದನ್ನು ಹೀಗೆ ಓದಬಹುದಲ್ಲ ಎಂಬ ಬೆರಗು ನನಗೆ ಇವತ್ತಿಗೂ ಇಳಿದಿಲ್ಲ. ತಂತಿ ಬ್ರಷ್ಷಿನಿಂದ ಉಜ್ಜಿ, ಗೇಜಿನ ತೆಳು ತಗಡು ತೂರಿಸಿ, ಸಂದು 0.7ರಿಂದ 0.8 ಮಿ.ಮೀ. ಒಳಗೆ ಬರುವಂತೆ ಮೆಲ್ಲಗೆ ತಟ್ಟಿ ಕೂರಿಸುತ್ತೇನೆ. ತಗಡು ಹಿಡಿದೂ ಹಿಡಿಯದ ಹಾಗೆ ಜಾರಬೇಕು. ಆ ಹದ ಬೆರಳಿಗೇ ಗೊತ್ತಾಗುವುದು. ಮತ್ತೆ ಹಾಕುವಾಗ ಮೊದಲ ಸುತ್ತುಗಳನ್ನು ಬರಿಗೈಯಲ್ಲೇ ತಿರುಗಿಸಬೇಕು. ಸ್ಪ್ಯಾನರಿನ ಬಲಕ್ಕೆ ಅಲ್ಯುಮಿನಿಯಂ ಹೆಡ್ಡಿನ ಮರೆ ಹಾಳಾದರೆ ಅದು ದೊಡ್ಡ ಕೆಲಸ.

ನಮ್ಮೂರ ಮೇಸ್ತ್ರಿಯ ರೀತಿಯೇ ಬೇರೆ. ನಾನು ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದರೆ ಅವರು ಮೊದಲು ನಾಲ್ಕೂ ಚಕ್ರದ ನಡುವೆ ಅಂಗೈ ಇಟ್ಟು ನೋಡುತ್ತಾರೆ. ಒಮ್ಮೆ ಹಿಂದಿನ ಎಡಚಕ್ರದ ಹತ್ತಿರ ನಿಂತು, "ಮೇಷ್ಟ್ರೇ, ಇಲ್ಲಿ ಮುಟ್ಟಿ ನೋಡಿ. ಇದೊಂದಕ್ಕೆ ಜ್ವರ ಬಂದಂಗಿದೆ" ಅಂದರು. ಹ್ಯಾಂಡ್ ಬ್ರೇಕಿನ ಕೇಬಲ್ ಮಳೆಗೆ ತುಕ್ಕು ಹಿಡಿದು ಪೂರ್ತಿ ಸಡಿಲವಾಗುತ್ತಿರಲಿಲ್ಲ. ಬ್ರೇಕು ಸದಾ ತುಸು ಹಿಡಿದುಕೊಂಡೇ ಇತ್ತು. ಅಂದಿನಿಂದ ನಾನೂ ಊರು ಸುತ್ತಿ ಬಂದ ಮೇಲೆ ನಾಲ್ಕೂ ಚಕ್ರ ಮುಟ್ಟಿಯೇ ಮನೆಯೊಳಗೆ ಹೋಗುವುದು.

ಆದರೆ ಕಾರಿನಲ್ಲಿ ಮೂಕ ಭಾಗಗಳೂ ಇವೆ, ನಿಜವಾದ ಎಚ್ಚರ ಬೇಕಾದದ್ದು ಅಲ್ಲಿ. ಬ್ರೇಕ್ ಆಯಿಲ್ಲನ್ನೇ ತೆಗೆದುಕೊಳ್ಳಿ. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕಡಿಮೆಯೆಂದರೂ 205 ಡಿಗ್ರಿಯವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಅದೇ ದರ್ಜೆಗೆ ಇಟ್ಟಿರುವ ಮಿತಿ 140 ಡಿಗ್ರಿ. ಬಯಲಿನ ರಸ್ತೆಯಲ್ಲಿ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಹದಿನಾಲ್ಕು ತಿರುವುಗಳಲ್ಲಿ ಬ್ರೇಕ್ ಒತ್ತುತ್ತಲೇ ಹೋದಾಗ ಗೊತ್ತಾಗುತ್ತದೆ. ಆಯಿಲ್ ಕುದಿದು ಕೊಳವೆಯಲ್ಲಿ ಆವಿಯ ಗುಳ್ಳೆ ಎದ್ದರೆ ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಸೀಮೆಯ ಅಂಚಿನಲ್ಲಿದ್ದುಕೊಂಡು, ಘಟ್ಟ ಹತ್ತಿ ಇಳಿಯುವ ನಾವು ಬ್ರೇಕ್ ಆಯಿಲ್ಲನ್ನು ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಾಯಿಸಲೇಬೇಕು. ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿಯಬೇಕು.

ಟೈಮಿಂಗ್ ಬೆಲ್ಟು ಇನ್ನೂ ಮೂಕ. ಮುಚ್ಚಳದ ಹಿಂದೆ ಕೂತು ದುಡಿಯುತ್ತದೆ, ಬಹಳ ಸಲ ಕಿರುಗುಟ್ಟದೆಯೇ ತುಂಡಾಗುತ್ತದೆ, ಇಂಜಿನ್ ಇದ್ದಲ್ಲೇ ನಿಲ್ಲುತ್ತದೆ. ಟೈರಿನದ್ದೂ ಇಂಥದೇ ಕತೆ. ಕಡಿಮೆ ಓಡುವ ಕಾರಿನಲ್ಲಿ ಗುಂಡಿ ಸವೆಯುವ ಮುಂಚೆಯೇ ರಬ್ಬರಿಗೆ ಮುಪ್ಪು ಬರುತ್ತದೆ. ಟೈರಿನ ಪಕ್ಕೆಯ ಮೇಲೆ 2319 ಎಂಬಂಥ ನಾಲ್ಕಂಕಿ ಇರುತ್ತದೆ, ಅಂದರೆ 2019ರ ಇಪ್ಪತ್ತಮೂರನೇ ವಾರದಲ್ಲಿ ತಯಾರಾದದ್ದು. ಸ್ಟೆಪ್ನಿಯ ಅಂಕಿಯನ್ನೂ ನೋಡಬೇಕು, ಅದನ್ನು ನೋಡುವವರು ಕಡಿಮೆ.

ಇವುಗಳ ಪರವಾಗಿ ಮಾತಾಡಲು ನಾನೊಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾವ ಭಾಗ, ಯಾವ ದಿನ, ಮೀಟರಿನಲ್ಲಿ ಎಷ್ಟು ಕಿಲೋಮೀಟರ್. ಇಂಜಿನ್ ಆಯಿಲ್ ಐದು ಸಾವಿರಕ್ಕೆ, ಅಷ್ಟು ಓಡದಿದ್ದರೆ ಆರು ತಿಂಗಳಿಗೆ. ಕೂಲಂಟ್ ಎರಡು ವರ್ಷಕ್ಕೆ. ಬಾವಿಯ ನೀರನ್ನು ರೇಡಿಯೇಟರಿಗೆ ಹಾಕುವ ರೂಢಿ ನಮ್ಮ ಕಡೆ ಇನ್ನೂ ಇದೆ. ನೀರಿನ ಉಪ್ಪು ಪದರ ಕಟ್ಟಿ ರೇಡಿಯೇಟರಿನ ಸಣ್ಣ ಕೊಳವೆಗಳನ್ನು ಕಿರಿದು ಮಾಡುತ್ತದೆ. ರೇಡಿಯೇಟರ್ ಮುಚ್ಚಳದ ರಬ್ಬರ್ ವಾಷರನ್ನೂ ಬರೆದಿಡುತ್ತೇನೆ. ಆ ರಬ್ಬರ್ ಒಳಗಿನ ಒತ್ತಡ ಹಿಡಿದಿಡುವುದರಿಂದಲೇ ನೂರು ಡಿಗ್ರಿ ದಾಟಿದರೂ ಒಳಗಿನ ನೀರು ಕುದಿಯದೆ ಇರುವುದು. ಬಿಡಿಭಾಗಕ್ಕೆ ಇನ್ನೂ ಬರವಿಲ್ಲ. ತೀರ್ಥಹಳ್ಳಿಯಲ್ಲಿ ಸಿಗದಿದ್ದರೆ ಶಿವಮೊಗ್ಗ, ಅಲ್ಲೂ ಇಲ್ಲದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ.

ಈಚೆಗೆ ನೋಟ್‌ಬುಕ್ಕಿಗೆ ಹೊಸ ಸಾಲು ಸೇರಿದೆ. ಬಂಕುಗಳಲ್ಲಿ ಈಗ ಸಿಗುವುದು ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು. ನನ್ನ ಕಾರಿನ ರಬ್ಬರನ್ನು ಅದಕ್ಕೆಂದು ಮಾಡಿದ್ದಲ್ಲ. ಮೇಸ್ತ್ರಿ ಹಳೆಯ ಪೆಟ್ರೋಲ್ ಪೈಪನ್ನು ಬಿಚ್ಚಿ ಬೆರಳಲ್ಲಿ ಮಡಿಸಿ ತೋರಿಸಿದರು. ಮಡಿಕೆಯ ಉದ್ದಕ್ಕೂ ಕೂದಲೆಳೆಯ ಸೀಳುಗಳಿದ್ದವು. ಸೋರಿಕೆ ಇನ್ನೂ ಶುರುವಾಗಿರಲಿಲ್ಲ. ಟ್ಯಾಂಕಿನಿಂದ ಪಂಪು, ಪಂಪಿನಿಂದ ಕಾರ್ಬ್ಯುರೇಟರಿನವರೆಗಿನ ಎಲ್ಲ ರಬ್ಬರ್ ಪೈಪು, ಕ್ಲಿಪ್ಪುಗಳನ್ನು ಎಥನಾಲ್ ತಾಳುವಂಥವಕ್ಕೆ ಬದಲಾಯಿಸಿದೆವು. ಕಾರ್ಬ್ಯುರೇಟರಿನ ಗ್ಯಾಸ್ಕೆಟ್ ಉಳಿದಿದೆ. ಅದನ್ನು ಈ ಮಳೆಗಾಲದ ಮುಂಚೆಯೇ ಬಿಚ್ಚಿ ನೋಡಬೇಕು.