ಓದಿದ್ದು ರದ್ದಾಗಲಿಲ್ಲ

ಮೊನ್ನೆ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಊರು ಅಂದ್ರೆ ರಂಗಂಪೇಟೆ, ಸುರಪುರಕ್ಕೆ ಅಂಟಿಕೊಂಡೇ ಇದೆ. ಕಾಕಾನ ಮಗ ಎಂದಿನಂತೆ ಮಾಳಿಗೆ ಮೇಲೆ ಪುಸ್ತಕ ಹಿಡಿದು ಕೂತಿದ್ದ. ಅವನನ್ನು ನೋಡಿದಾಗಲೆಲ್ಲ ನನಗೆ ಒಳಗೊಳಗೇ ನಾಚಿಕೆ. ಯಾಕೆ ಅಂತ ಇವತ್ತು ಬರೆದುಬಿಡ್ತೀನಿ.

2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತಲ್ಲ, ಅದನ್ನು ಇವನೂ ಬರೆದಿದ್ದ. ಬರೆದವರು 54 ಸಾವಿರಕ್ಕೂ ಹೆಚ್ಚು! "ನಿಮ್ಮ ಕಡೆಯವರಿಗೆ 371ಜೆ ಇದೆ, ಆರಾಮ" ಅಂತಾರೆ ಬೆಂಗಳೂರಿನ ಗೆಳೆಯರು. ಆ ಮೀಸಲು ಹುದ್ದೆಗೂ ಬೀದರಿನಿಂದ ಬಳ್ಳಾರಿವರೆಗೆ ಏಳು ಜಿಲ್ಲೆಯ ಹುಡುಗರು ಕಾದು ಕೂತಿರ್ತಾರೆ ಅನ್ನೋದು ಅವರಿಗೆ ಗೊತ್ತಿಲ್ಲ.

ಆಮೇಲೆ ಆದದ್ದು ನಿಮಗೂ ಗೊತ್ತು. ಓಎಂಆರ್ ಹಾಳೆ ತಿದ್ದಿದ ಆರೋಪ, ಬ್ಲೂಟೂತ್ ಆರೋಪ, ಸಿಐಡಿ ತನಿಖೆ... 2022ರ ಏಪ್ರಿಲ್‌ನಲ್ಲಿ ಪರೀಕ್ಷೆಯೇ ರದ್ದು. ನನಗೆ ಸಿಟ್ಟು ಬಂದು ಅವನಿಗೆ ಫೋನ್ ಮಾಡಿದೆ. "ಸಾಕು ಬಿಡು ತಮ್ಮಾ, ಬೆಂಗಳೂರಿಗಿ ಬಂದುಬಿಡು. ಕಷ್ಟಪಟ್ಟು ಓದಾವ್ರ ಕಾಲ ಅಲ್ಲ ಇದು."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಣ್ಣಾ, ಪರೀಕ್ಷಾ ರದ್ದಾಗ್ಯಾದ. ನಾ ಓದಿದ್ದೇನು ರದ್ದಾಗಿಲ್ಲಲ್ಲ" ಅಂದ.

ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ, ಬೆಂಗಳೂರಿನಲ್ಲಿ. ಹಿಂದಿನ ರಾತ್ರಿ ನನ್ನ ರೂಮಿನಲ್ಲೇ ಉಳಿದ. ನನಗೇ ನಿದ್ದೆ ಬರಲಿಲ್ಲ, ಅವನು ಮಾತ್ರ ಗಡದ್ದಾಗಿ ಮಲಗಿದ್ದ! ಬೆಳಿಗ್ಗೆ ಕೇಳಿದ್ರೆ, "ಇನ್ನೊಮ್ಮಿ ಕೇಳಿದ್ರ ಇನ್ನೊಮ್ಮಿ ಬರೀತೀನಿ, ಅದಕ್ಕ್ಯಾಕ ಅಂಜಿಕಿ?" ಅಂದ. ಅಡ್ಡದಾರಿ ಹಿಡಿದವನು ಈ ಮಾತು ಆಡೋಕೆ ಆಗುತ್ತಾ ಹೇಳಿ?

ಅವನಿಗೆ ಕೆಲಸ ಸಿಕ್ಕಿತು ಅಂತ ಬರೆದು ಮುಗಿಸೋ ಆಸೆ ನನಗೂ ಇತ್ತು. ಸಿಗಲಿಲ್ಲ. ಕೆಲವೇ ಅಂಕಗಳಲ್ಲಿ ಹೋಯ್ತು. ವಯಸ್ಸಿನ ಮಿತಿ ಹತ್ತಿರ ಬಂತು ಅಂತ ಕಾಕಾನಿಗೆ ಚಿಂತೆ. ಇವನು ಬೇರೆ ಪರೀಕ್ಷೆಗೆ ಓದ್ತಿದ್ದಾನೆ. ಮೊನ್ನೆ ಮಾಳಿಗೆ ಹತ್ತಿದಾಗ ಓಣಿಯ ಇಬ್ಬರು ಹುಡುಗರು ಅವನ ಹತ್ತಿರ ಶೇಕಡಾ ಲೆಕ್ಕ ಹೇಳಿಸಿಕೊಳ್ತಿದ್ರು.

ಹಾಗಾಗಿ ಕಷ್ಟಪಟ್ಟರೆ ಕೆಲಸ ಸಿಕ್ಕೇ ಸಿಗುತ್ತೆ ಅಂತ ನಾನು ಹೇಳಲ್ಲ. ಆದ್ರೆ ಕಷ್ಟಪಟ್ಟವನಿಗೆ ಎರಡನೇ ಸಲ ಬರೆಯೋ ಧೈರ್ಯ ಇರುತ್ತೆ, ಅದನ್ನು ಕಣ್ಣಾರೆ ನೋಡಿದೀನಿ.

ನಿಮ್ಮ ಮನೆಯಲ್ಲೂ ಇಂಥವನೊಬ್ಬ ಇರಬಹುದು. ಫೋನ್ ಮಾಡಿದಾಗ "ರಿಸಲ್ಟ್ ಏನಾಯ್ತು" ಅನ್ನೋ ಮೊದಲು "ಏನು ಓದ್ತಿದ್ದೀಯ" ಅಂತ ಕೇಳಿ. ನಾನು ಕೇಳಿರಲಿಲ್ಲ.