ಗೋದಲಿ ನೋಡಲು ಹೋದದ್ದು

ಮಂಗಳೂರಿನ ಕ್ರಿಸ್‌ಮಸ್ ಮೊದಲು ಮೊಳೆಯುವುದು ಬಿಸ್ಕತ್ತಿನ ಡಬ್ಬದ ಮುಚ್ಚಳದಲ್ಲಿ. ಡಿಸೆಂಬರ್ ಎರಡನೇ ವಾರ ಬಂತೆಂದರೆ ನಮ್ಮ ಮನೆಯೊಡತಿ ಬಾಯಮ್ಮ ಅಟ್ಟದಿಂದ ಹಳೆಯ ಮುಚ್ಚಳ, ಅಂಚು ಒಡೆದ ಬಸಿ, ತುಕ್ಕು ಹಿಡಿದ ತಟ್ಟೆ ಎಲ್ಲವನ್ನೂ ಇಳಿಸಿ, ಮಣ್ಣು ತುಂಬಿ, ರಾಗಿ ಉದುರಿಸಿ, ಬಾವಿಕಟ್ಟೆಯ ನೆರಳಿಗೆ ಸಾಲಾಗಿ ಇಡುತ್ತಾರೆ. ಹಬ್ಬದ ಹೊತ್ತಿಗೆ ಅದು ಬೆರಳುದ್ದ ಬೆಳೆದು ಯೇಸು ಹುಟ್ಟಿದ ಹಟ್ಟಿಯ ಮಾದರಿಯಾದ ಗೋದಲಿಯ ಹುಲ್ಲುಗಾವಲಾಗಬೇಕು. ಕೆಲವರು ಭತ್ತ ಹಾಕುತ್ತಾರೆ. ಬಾಯಮ್ಮನಿಗೆ ಭತ್ತ ಆಗುವುದಿಲ್ಲ. ರಾಗಿಯ ಹಸುರು ನುಣುಪು, ಅದರಲ್ಲಿ ಕುರಿ ನಿಲ್ಲಿಸಿದರೇ ಚೆಂದ ಎಂಬುದು ಅವರ ಮತ.

ಈ ವರ್ಷ ನೀರು ಹಾಕುವ ಕೆಲಸ ಎರಡೂವರೆ ವರ್ಷದ ನಮ್ಮ ಪುಟ್ಟಿಗೆ ಸಿಕ್ಕಿತು. ಅವಳಿಗೆ ನೀರು ಹಾಕುವುದೆಂದರೆ ಚೊಂಬನ್ನು ಬೋರಲು ಮಾಡುವುದು. ರಾಗಿ ತೇಲಿಕೊಂಡು ಅಂಗಳಕ್ಕಿಳಿಯಿತು. ಹೀಗಾಗಿ ಗೋದಲಿಗಿಂತ ಮೊದಲು ನಮ್ಮ ಮೆಟ್ಟಿಲ ಬುಡದಲ್ಲೇ ಹುಲ್ಲುಗಾವಲು ಎದ್ದಿತು. ಬಾಯಮ್ಮ ನೋಡಿ, 'ಬಿಡಿ ಮಾರಾಯ್ತಿ, ಕುರಿಗಳಿಗೆ ಅಲ್ಲಿಯೂ ಮೇಯ್ಲಿಕ್ಕೆ ಆಗ್ತದೆ' ಎಂದು ಇನ್ನೊಂದು ಮುಚ್ಚಳ ತಂದಿಟ್ಟರು.

ನಾನು ಘಟ್ಟದ ಮೇಲಿನವಳು. ತೀರ್ಥಹಳ್ಳಿ ಕಡೆಯ ಚಳಿಯಲ್ಲಿ ಬೆಳೆದವಳಿಗೆ ಡಿಸೆಂಬರ್ ಎಂದರೆ ಕಂಬಳಿ, ಬಚ್ಚಲೊಲೆ. ಇಲ್ಲಿ ನಡುಹಗಲಿಗೆ ಮೂವತ್ತು ಡಿಗ್ರಿ ದಾಟುವ ಸೆಕೆ, ಹಿತ್ತಿಲ ಮಾವಿನಲ್ಲಿ ಹೂವು, ಅಂಗಡಿಯ ಬಾಗಿಲಲ್ಲಿ ಪ್ಲಾಸ್ಟಿಕ್ಕಿನ ಕ್ರಿಸ್‌ಮಸ್ ಮರ, ಅದರ ಮೇಲೆ ಹತ್ತಿಯ ಹಿಮ. ಬೆವರು ಒರೆಸಿಕೊಳ್ಳುತ್ತಾ ಹಿಮ ಅಂಟಿಸುವ ಹುಡುಗರನ್ನು ನೋಡಿದಾಗ ನಗು ಬರುತ್ತದೆ. ಆದರೆ ಸಂಜೆ ಆರರ ಮೇಲೆ ಕಡಲ ಕಡೆಯಿಂದ ಗಾಳಿ ಬೀಸಿ, ಬೆಂದೂರು, ಬಿಜೈ, ಫಳ್ನೀರಿನ ಓಣಿಗಳಲ್ಲಿ ನಕ್ಷತ್ರಗಳು ಹೊತ್ತಿಕೊಂಡಾಗ ಈ ಊರಿನ ಮೇಲೆ ಕೊಂಕು ಮಾತಾಡಲು ಮನಸ್ಸಾಗುವುದಿಲ್ಲ. ದೀಪಾವಳಿಯ ಗೂಡುದೀಪ ತೂಗಿದ ಕೊಕ್ಕೆಗೇ ನಮ್ಮ ಮನೆಯಲ್ಲಿ ನಕ್ಷತ್ರವೂ ಬಂತು. ವಯರು ಅದೇ, ಬಲ್ಬೂ ಅದೇ. ಇಳಿಸಿ ಕಟ್ಟುವ ತಾಪತ್ರಯ ಮಾತ್ರ ನಮ್ಮವರದು.

ಆ ನಕ್ಷತ್ರ ತರಲೆಂದು ಹಂಪನಕಟ್ಟೆಗೆ ಹೋದ ದಿನವೇ ಪುಟ್ಟಿ ಮತ್ತು ಸಾಂತಾಕ್ಲಾಸರ ಮುಖಾಮುಖಿ ನಡೆದದ್ದು. ಅಂಗಡಿಯೊಂದರ ಮುಂದೆ ಕೆಂಪಂಗಿಯ ಸಾಂತಾ ಟಾಫಿ ಹಂಚುತ್ತಿದ್ದ. ಗುಲಾಬಿ ಕೆನ್ನೆಯ ಪ್ಲಾಸ್ಟಿಕ್ ಮುಖವಾಡ, ಕಿವಿಯವರೆಗೆ ನಗು. ಪುಟ್ಟಿಯ ಕೂಗು ಸೆಂಟ್ರಲ್ ಮಾರ್ಕೆಟ್ಟಿನವರೆಗೆ ಕೇಳಿಸಿರಬೇಕು. ಇದೇ ಮಗು ದಸರೆಯಲ್ಲಿ ಅಪ್ಪನ ಹೆಗಲ ಮೇಲೆ ಕೂತು, ತಾಸೆಯ ಪೆಟ್ಟಿಗೆ ಹಾರಿ ಬೀಳುವ ಹುಲಿವೇಷಗಳನ್ನು ಮಂಗಳಾದೇವಿಯ ಬೀದಿಯಲ್ಲಿ ಚಪ್ಪಾಳೆ ತಟ್ಟಿ ನೋಡಿತ್ತು. ಉಗುರು ಚಾಚಿ ಹತ್ತಿರ ಬಂದ ಹುಲಿಯ ಬಾಲ ಹಿಡಿಯಲು ಕೈ ಚಾಚಿತ್ತು. ಯಕ್ಷಗಾನದ ಬಣ್ಣದ ವೇಷದ ಅಬ್ಬರಕ್ಕೂ ಹೆದರಿರಲಿಲ್ಲ. ಟಾಫಿ ಕೊಡುವ ಮುದುಕನಿಗೆ ಹೀಗೇಕೆ?

ನನಗನ್ನಿಸುವುದಿಷ್ಟು. ಹುಲಿಗೂ ರಕ್ಕಸನಿಗೂ ಬಣ್ಣ ಬಳಿದದ್ದು ಮುಖದ ಮೇಲೆ. ಕೆಳಗಿನ ಚರ್ಮ ಅಲುಗುತ್ತದೆ, ಹುಬ್ಬು ಏರುತ್ತದೆ, ಬೆವರು ಇಳಿಯುತ್ತದೆ. ಸಾಂತಾನ ನಗು ಮಾತ್ರ ಏನಾದರೂ ಕದಲುವುದಿಲ್ಲ. ಸುಮ್ಮನೆ ನಗುತ್ತಲೇ ಇರುವವರನ್ನು ಮಕ್ಕಳು ನಂಬುವುದಿಲ್ಲ, ದೊಡ್ಡವರೂ ನಂಬಬಾರದು. ಸ್ವಲ್ಪ ಹೊತ್ತಿನಲ್ಲಿ ಸಾಂತಾ ಸೆಕೆ ತಡೆಯಲಾರದೆ ಮುಖವಾಡವನ್ನು ನೆತ್ತಿಗೇರಿಸಿ, ಹುಲ್ಲುಮೀಸೆಯ ಹುಡುಗನಾಗಿ, ಪಕ್ಕದ ಗೂಡಂಗಡಿಯಲ್ಲಿ ಲಿಂಬೆ ಶರಬತ್ತು ಕುಡಿಯತೊಡಗಿದ. ಪುಟ್ಟಿ ನನ್ನ ಸೆರಗಿನಿಂದ ಹೊರಬಂದು ನೇರ ಅವನ ಬಳಿಗೆ ಹೋಗಿ ಕೈ ಒಡ್ಡಿದಳು. ಎರಡು ಟಾಫಿ ಸಿಕ್ಕಿತು. ಶರಬತ್ತಿಗೂ ಕೈ ಹಾಕಿದ್ದಳು, ನಾನು ಎಳೆದುಕೊಂಡು ಬಂದೆ.

ಹಬ್ಬದ ತಿಂಡಿಗಳಾದ ಕುಸ್ವಾರ್ ಮಾಡುವ ದಿನ ಬಾಯಮ್ಮನ ಅಡುಗೆಮನೆಗೆ ಕೆಲಸ ಬಲ್ಲವರು, ಬಾರದವರು ಎಲ್ಲರಿಗೂ ಪ್ರವೇಶ. ನೆವ್ರಿ ನಮ್ಮ ಕರ್ಜಿಕಾಯಿಯ ದಾಯಾದಿ. ಚಕ್ಕುಲಿಗೆ ಅಷ್ಟಮಿ, ಕ್ರಿಸ್‌ಮಸ್ ಎಂಬ ಭೇದವೇ ಇಲ್ಲ. ಗುಳಿಯೊ, ತುಕ್ಡಿ, ಎಳ್ಳಿನ ಲಾಡು. ರೋಸ್ ಕುಕ್ಕೀಸಿನ ಕಬ್ಬಿಣದ ಅಚ್ಚು ಬಾಯಮ್ಮನ ಅತ್ತೆಯ ಕಾಲದ್ದು. ಅದನ್ನು ಮೊದಲು ಎಣ್ಣೆಯಲ್ಲಿ ಕಾಯಿಸಿ, ಅಕ್ಕಿಹಿಟ್ಟು, ತೆಂಗಿನಹಾಲಿನ ಹಿಟ್ಟಿಗೆ ಅಂಚು ಮುಳುಗದಂತೆ ಅದ್ದಿ, ಮತ್ತೆ ಎಣ್ಣೆಗಿಳಿಸಿ ಒಮ್ಮೆ ಕೊಡವಬೇಕು. ಹೂವು ಬಿಟ್ಟುಕೊಂಡು ತೇಲುತ್ತದೆ. ಅಚ್ಚು ಮುಳುಗಿದರೆ ಕೆಟ್ಟಿತು. ಹೂವು ಅಚ್ಚನ್ನು ಬಿಡುವುದಿಲ್ಲ. ಆ ಒಲೆಯ ಹತ್ತಿರ ಪುಟ್ಟಿಗೆ ಪ್ರವೇಶವಿಲ್ಲ. ರಮ್ಮಿನಲ್ಲಿ ತಿಂಗಳುಗಟ್ಟಲೆ ನೆನೆದ ಒಣಹಣ್ಣಿನ ಭರಣಿಯ ಹತ್ತಿರವೂ ಇಲ್ಲ, ಅಲ್ಲಿಗೆ ಅವಳಪ್ಪನಿಗೂ ಇಲ್ಲ.

ಅವಳ ಪಾಲಿಗೆ ಬಂದದ್ದು ಕಿಡ್ಯೊ. ಮೈದಾ, ತೆಂಗಿನಹಾಲು, ತುಪ್ಪ ಹಾಕಿ ನಾದಿದ ಹಿಟ್ಟಿನಿಂದ ಅವಡೆಕಾಳಿನಷ್ಟು ಚಿವುಟಿ, ಬಾಚಣಿಗೆಯ ಹಲ್ಲಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಾಗೇ ಸುರುಳಿ ಎಳೆಯಬೇಕು. ಮೈಮೇಲೆ ಗೆರೆ ಮೂಡಿದ ಪುಟ್ಟ ಹುಳು ಸಿದ್ಧ. ಕರಿದ ಮೇಲೆ ಸಕ್ಕರೆ ಪಾಕದಲ್ಲಿ ಹೊರಳಿಸಿದರೆ ಆ ಗೆರೆಗಳಲ್ಲಿ ಸಕ್ಕರೆ ನಿಲ್ಲುತ್ತದೆ. ಬಾಚಣಿಗೆ ಹೊಸತು, ವರ್ಷಕ್ಕೊಮ್ಮೆ ಇದಕ್ಕೆಂದೇ ಹೊರಗೆ ಬರುವಂಥದ್ದು. ಪುಟ್ಟಿಗೆ ಬಾಚಣಿಗೆ ಕೊಟ್ಟದ್ದೇ ತಡ, ಮೊದಲು ತಲೆ ಬಾಚಿಕೊಂಡಳು. ಬಾಯಮ್ಮ ಉಸಿರೆತ್ತದೆ ಅದನ್ನು ಅವಳಿಗೇ ಬಿಟ್ಟು, ನಮಗೆಲ್ಲ ಫೋರ್ಕು ಹಂಚಿದರು. ಮುಂದೆ ಒಂದು ಗಂಟೆ ಅವಳು ಅಲುಗಲಿಲ್ಲ. ಊಟಕ್ಕೆ ಐದು ನಿಮಿಷ ಕೂರದ ಮಗು! ಅವಳ ಹುಳುಗಳಲ್ಲಿ ಕೆಲವು ಚಪ್ಪಟೆ, ಕೆಲವು ಬರಿಯ ಹೆಬ್ಬೆರಳ ಗುರುತು, ಒಂದೆರಡಕ್ಕೆ ಕೂದಲೂ ಇತ್ತು. ಅವನ್ನು ಬೇರೆಯಾಗಿ ಕರಿದು ಬೇರೆ ಡಬ್ಬಕ್ಕೆ ಹಾಕಿದ ಬಾಯಮ್ಮ, 'ಇದು ಅಪ್ಪನಿಗೆ' ಎಂದು ಅವಳ ಕೈಗೇ ಕೊಟ್ಟರು. ಅಪ್ಪ ತಿಂದರು.

ಕುಸ್ವಾರಿನ ತಟ್ಟೆ ಹಬ್ಬದ ದಿನ ನೆರೆಮನೆಗಳಿಗೆಲ್ಲ ಹೋಗಬೇಕು. ಕಸೂತಿಯ ಬಟ್ಟೆ ಮುಚ್ಚಿದ ತಟ್ಟೆಯನ್ನು ಪುಟ್ಟಿ ಮತ್ತು ಬಾಯಮ್ಮನ ಮೊಮ್ಮಗ ಹೊತ್ತುಕೊಂಡು ಹೊರಟರು. ತಲುಪಿದಲ್ಲಿ ಗುಳಿಯೊ ಕಡಿಮೆಯಿತ್ತೆಂದು ಮೂರನೇ ಮನೆಯವರು ನಕ್ಕು ಹೇಳಿದರು. ತಟ್ಟೆ ಬರಿದಾಗಿ ಹಿಂದಿರುಗಬಾರದೆಂಬ ರೂಢಿಯೂ ಇದೆ; ಒಬ್ಬರು ಸಕ್ಕರೆ ಹಾಕಿ ಕಳಿಸಿದರು, ಇನ್ನೊಬ್ಬರು ಹಿತ್ತಿಲ ಕದಳಿ ಬಾಳೆಹಣ್ಣು. ಹಣ್ಣು ಮಾತ್ರ ಸುರಕ್ಷಿತವಾಗಿ ಮನೆ ಸೇರಿತು.

ನಡುರಾತ್ರಿಯ ಪೂಜೆ ಎಂದು ಹೆಸರಾದದ್ದು ಈಗ ಇಲ್ಲಿನ ಎಷ್ಟೋ ಇಗರ್ಜಿಗಳಲ್ಲಿ ಇಪ್ಪತ್ತನಾಲ್ಕರ ಸಂಜೆಯೇ ನಡೆಯುತ್ತದೆ. ಮಕ್ಕಳೊಂದಿಗರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಬಾಯಮ್ಮನ ಜೊತೆ ನಾವೂ ಹೋದೆವು. ಇಗರ್ಜಿಯ ಮುಂದಿನ ಬಯಲಲ್ಲಿ ಕುರ್ಚಿಗಳು, ಕ್ಯಾರಲ್ ಹಾಡುವವರು, ಹೊಸ ಸೀರೆಗಳ ಸರಬರ. ಕೊಂಕಣಿ ಪ್ರಾರ್ಥನೆ ನನಗೆ ಅರ್ಧ ಅರ್ಥವಾಗುತ್ತದೆ, ಪುಟ್ಟಿಗೆ ಏನೂ ಇಲ್ಲ. ಅವಳು ಕುರ್ಚಿಗಳ ಕಾಲೆಡೆ ನುಸುಳುತ್ತಾ ಯಾರ್ಯಾರದೋ ಚಪ್ಪಲಿ ಅದಲುಬದಲು ಮಾಡುತ್ತಿದ್ದಳು. ಗ್ಲೋರಿಯಾಕ್ಕೆ ಗಂಟೆಗಳೆಲ್ಲ ಒಟ್ಟಿಗೆ ಬಾರಿಸಿ ಗೋದಲಿಯ ದೀಪ ಹೊತ್ತಿಕೊಂಡಾಗ ಮಾತ್ರ ಎದ್ದು ನಿಂತು, ಸಭೆಗೆಲ್ಲ ಕೇಳುವಂತೆ 'ಅಂಬಾ!' ಎಂದು ಕೂಗಿದಳು. ಎತ್ತು ಕಂಡಿತ್ತು.

ನನಗಾದ ಮುಜುಗರ ಅಷ್ಟಿಷ್ಟಲ್ಲ. ಆಮೇಲೆ ಯೋಚಿಸಿದರೆ, ಗೋದಲಿ ಹುಟ್ಟಿದ್ದೇ ಇವಳಂಥವರಿಗಾಗಿ. 1223ರ ಕ್ರಿಸ್‌ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಗುಡ್ಡದ ಹಳ್ಳಿಯಲ್ಲಿ ಅಸಿಸಿಯ ಫ್ರಾನ್ಸಿಸ್ ಒಂದು ಮೇವಿನ ತೊಟ್ಟಿ ಇರಿಸಿ, ಹುಲ್ಲು ಹಾಸಿ, ಜೀವಂತ ಎತ್ತು ಕತ್ತೆಗಳನ್ನು ತಂದು ನಿಲ್ಲಿಸಿದನಂತೆ. ಲ್ಯಾಟಿನ್ ತಿಳಿಯದ ಹಳ್ಳಿಗರು ಕಣ್ಣಾರೆ ಕಾಣಲಿ ಎಂದು. ವಿಚಿತ್ರವೆಂದರೆ ಸುವಾರ್ತೆಯ ಜನನದ ಕತೆಯಲ್ಲಿ ಎತ್ತೂ ಇಲ್ಲ, ಕತ್ತೆಯೂ ಇಲ್ಲ. ಲೂಕ ಹೇಳುವುದು ತೊಟ್ಟಿಯೊಂದನ್ನೇ. ಪ್ರಾಣಿಗಳೆರಡೂ ಹಳೆಯ ಪ್ರವಾದಿ ಯೆಶಾಯನ ಮಾತಿನಿಂದ ಇಳಿದು ಬಂದು ಹಟ್ಟಿ ಸೇರಿಕೊಂಡವು. ಓದುಬರಹ ಬಲ್ಲವರ ಕತೆಯಲ್ಲಿ ಇರದಿದ್ದವರೇ ಓದು ಬಾರದವರಿಗೆ ಮೊದಲು ಕಾಣುತ್ತಾರೆ. ಪೂಜೆಯಲ್ಲಿ ಇಡೀ ಸಂಜೆ ಕೂತು ನಾನು ಕಂಡದ್ದಕ್ಕಿಂತ ಹೆಚ್ಚನ್ನು 'ಅಂಬಾ' ಎಂದವಳು ಕಂಡಿದ್ದಳೇನೋ.

ಕ್ರಿಸ್‌ಮಸ್ಸಿನ ಮರುದಿನ ಗೋದಲಿ ನೋಡಲು ಊರು ಸುತ್ತುವುದು ಇಲ್ಲಿನ ಸಂಭ್ರಮ, ನಾವೂ ಹೊರಟೆವು. 1568ರಲ್ಲಿ ಪೋರ್ಚುಗೀಸರ ಕಾಲದಲ್ಲಿ ಶುರುವಾದ ರೊಸಾರಿಯೊ ಇಗರ್ಜಿ, 1680ರ ಮಿಲಾಗ್ರಿಸ್. ಈಗಿನ ಕಟ್ಟಡಗಳು ಆಮೇಲಿನವು. ಇತಿಹಾಸ ಹೇಳಲು ನಮ್ಮವರು ಬಾಯಿ ತೆರೆದಾಗಲೆಲ್ಲ ಪುಟ್ಟಿ ಪಾರಿವಾಳದ ಹಿಂದೆ ಓಡಿದ್ದರಿಂದ ಎರಡೂ ಕಡೆ ಇತಿಹಾಸ ಅಷ್ಟಕ್ಕೇ ನಿಂತಿತು.

ಗೋದಲಿಗಳ ಮುಂದೆ ಮಾತ್ರ ಅವಳು ಕದಲಲಿಲ್ಲ. ಮಂಗಳೂರಿನ ಬೆತ್ಲೆಹೇಮನ್ನು ನೋಡಬೇಕು! ಗೋಡೆ ಕೆಂಪುಕಲ್ಲಿನದು, ಮಾಡಿಗೆ ಹಂಚು. ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು ಯೋಸೇಫ-ಮರಿಯಮ್ಮರಿಗೆ ಸೂರು ಹೊದಿಸಲೆಂದೇ ಇರಬೇಕು. ಬೈಹುಲ್ಲಿನ ಕುತ್ತರಿ, ಅಡಿಕೆ ಮರ, ರಾಟೆಯ ಬಾವಿ, ಬಾವಿಯಿಂದ ಹರಿದು ಬರುವ ತೋಡಿಗೆ ಅಡಗಿಸಿಟ್ಟ ಪುಟ್ಟ ಪಂಪು. ಪುಟ್ಟಿ ಪಂಪಿನ ವಯರು ಹಿಡಿದು ಎಳೆಯುವಷ್ಟರಲ್ಲಿ ಸ್ವಯಂಸೇವಕರೊಬ್ಬರು ಓಡಿಬಂದು, ಗದರದೆ, ಅವಳನ್ನು ಎತ್ತಿಕೊಂಡು ಒಂದು ಸುತ್ತು ತೋರಿಸಿದರು. ಅವಳ ಪ್ರಶ್ನೆ ಒಂದೇ: 'ಪಾಪುಗೆ ಅಂಗಿ ಎಲ್ಲಿ?' ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. 'ಸೆಕೆ ಅಲ್ವಾ' ಎಂದರು. ಮಂಗಳೂರಿಗೆ ಸಲ್ಲುವ ಉತ್ತರ.

ಕೊನೆಗೆ ಬಾವುಟಗುಡ್ಡೆಯ ಅಲೋಶಿಯಸ್ ಚಾಪೆಲ್. ಬೆರ್ಗಾಮೊ ಕಡೆಯ ಜೆಸ್ವಿಟ್ ಸಹೋದರ ಅಂತೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಇಲ್ಲಿನ ಗೋಡೆ, ಮಾಡು, ಕಮಾನುಗಳನ್ನೆಲ್ಲ ಚಿತ್ರಗಳಿಂದ ತುಂಬಿಸಿದ. ಹಸಿ ಗಾರೆಯ ಮೇಲೆ ಬಣ್ಣ ಹಾಕುವ ಕೆಲಸ ಕಾಯುವಂಥದ್ದಲ್ಲ, ಗಾರೆ ಒಣಗುವ ಮೊದಲು ಮುಗಿಯಬೇಕು. ನಮ್ಮಂಥವರು ಕತ್ತು ಎತ್ತಿ ನೋಡಿ, ಕತ್ತು ನೋಯಿಸಿಕೊಂಡು, ಫಲಕ ಓದಿ ಹೊರಬರುತ್ತೇವೆ. ಪುಟ್ಟಿ ದಣಿದಿದ್ದಳು. ಬೆಂಚಿನ ಮೇಲೆ ಅಂಗಾತ ಮಲಗಿಬಿಟ್ಟಳು. ಆಗ ಅವಳಿಗೆ ಮಾಡು ಇಡೀ ಕಂಡಿತು. ಬೆರಳು ತೋರಿಸಿ ಒಂದೊಂದಾಗಿ ಎಣಿಸುತ್ತಾ ಹೋದಳು, ಅವಳಿಗೆ ಬರುವ ಎಣಿಕೆಯಲ್ಲಿ: ಒಂದು, ಎರಡು, ಐದು, ಐದು. ಆ ಮಾಡು ನೋಡುವ ಸರಿಯಾದ ಭಂಗಿ ಅದೇ ಎಂದು ನನಗೂ ಅನ್ನಿಸಿತು. ಆದರೆ ನಲವತ್ತರ ಹೆಂಗಸು ಚಾಪೆಲಿನ ಬೆಂಚಿನ ಮೇಲೆ ಮಲಗುವಂತಿಲ್ಲವಲ್ಲ.

ಬಾಯಮ್ಮನ ಮನೆಯ ಗೋದಲಿಯಲ್ಲಿ ಇನ್ನೊಂದು ಪದ್ಧತಿಯಿದೆ. ಕಾಣಿಕೆ ಹೊತ್ತ ಮೂವರು ರಾಯರು ಜನವರಿ 6ರ ಮೊದಲು ಹಟ್ಟಿಗೆ ಬರುವಂತಿಲ್ಲ. (ಮೂವರು ಎಂದು ಮತ್ತಾಯ ಹೇಳಿಲ್ಲ, ಕಾಣಿಕೆ ಮೂರಿದ್ದದ್ದಕ್ಕೆ ತಂದವರೂ ಮೂವರೇ ಎಂದು ಲೋಕ ಲೆಕ್ಕ ಹಾಕಿತು.) ಇಪ್ಪತ್ತೈದರಂದು ಅವರು ಫ್ರಿಜ್ಜಿನ ಮೇಲಿರುತ್ತಾರೆ. ದಿನಕ್ಕಿಷ್ಟು ಎಂದು ಬಾಯಮ್ಮ ಅವರನ್ನು ಮುಂದೆ ಸರಿಸುತ್ತಾರೆ: ಕಿಟಕಿಯ ದಂಡೆ, ಟಿ.ವಿ. ಮೇಜು, ಚಪ್ಪಲಿ ಸ್ಟ್ಯಾಂಡು, ಆಮೇಲೆ ಜಗಲಿ. ಹೊಸ ವರ್ಷದ ಬೆಳಿಗ್ಗೆ ನೋಡಿದರೆ ರಾಯರು ಕಿಟಕಿಯ ದಂಡೆಯಲ್ಲಿಲ್ಲ. ಬಾಯಮ್ಮ ಹುಡುಕುತ್ತಾ ಜಗಲಿಗೆ ಬಂದರು. ಮೂವರೂ ಪುಟ್ಟಿಯ ಪ್ಲಾಸ್ಟಿಕ್ ಆಟೋರಿಕ್ಷಾದಲ್ಲಿ ಒತ್ತಿಕೊಂಡು ಕೂತು ಹಟ್ಟಿಯ ಬಾಗಿಲಿಗೇ ಬಂದಿಳಿದಿದ್ದರು. ಒಂಟೆಗಳನ್ನು ಕಿಟಕಿಯ ಹತ್ತಿರವೇ ಬಿಟ್ಟಿದ್ದರು.

ನಾನು ತೆಗೆಯಲು ಹೋದೆ. 'ಇರ್ಲಿ, ಮುಟ್ಬೇಡಿ' ಎಂದರು ಬಾಯಮ್ಮ. 'ಒಂಟೆ ಮೇಲೆ ಕೂತು ಕೂತು ಸೊಂಟ ಹೋಗಿರ್ತದೆ ಪಾಪ, ಅವರಿಗೆ.'

ಅವರ ಯಜಮಾನರು, ನಾವೆಲ್ಲ ಪೊರ್ಬುಗಳು ಎಂದು ಕರೆಯುವವರು, ಪೇಪರಿನಿಂದ ತಲೆ ಎತ್ತಿ ಪುಟ್ಟಿಯನ್ನು ಕೇಳಿದರು: 'ಬಾಡಿಗೆ ಎಷ್ಟಾಯ್ತು?'

'ಐದು' ಎಂದಳು ಪುಟ್ಟಿ.

'ಕೊಡ್ತಾರೆ. ಚಿನ್ನ ಉಂಟಲ್ಲ ಅವರ ಹತ್ರ' ಎಂದು ಪೊರ್ಬುಗಳು ಪೇಪರ್ ತಿರುವಿದರು.